ಅಂಗನವಾಡಿಯ ಗದ್ದಲದೊಳಗೆ: ಆಟಿಸಂ ಇರುವ ನಾನು ಶಿಶುಶಿಕ್ಷಣ ಓದಿದ ಬಗೆ

ಮೈಸೂರಿನ ಕಾಲೇಜೊಂದರಲ್ಲಿ ನಾನು ಪದವಿಗೆ ಮಾನವ ಅಭಿವೃದ್ಧಿ ಮತ್ತು ಶಿಶುಶಿಕ್ಷಣವನ್ನು ಆರಿಸಿಕೊಂಡಾಗ, ನನ್ನನ್ನು ಬಲ್ಲವರಲ್ಲಿ ಹೆಚ್ಚಿನವರು ಕಂಪ್ಯೂಟರ್ ವಿಜ್ಞಾನವನ್ನೋ ಗ್ರಂಥಾಲಯ ವಿಜ್ಞಾನವನ್ನೋ ಸೂಚಿಸಿದ್ದರು. ಆಟಿಸಂ, ಅಂದರೆ ಇತರರೊಡನೆ ಬೆರೆಯುವ, ಸದ್ದು ಮತ್ತು ಬದಲಾವಣೆಗಳನ್ನು ಗ್ರಹಿಸುವ ರೀತಿಯೇ ಬೇರೆಯಾಗಿರುವ ಸ್ಥಿತಿ, ಇರುವವಳಿಗೆ ಕ್ಷಣಕ್ಷಣಕ್ಕೂ ಬದಲಾಗುವ ಪುಟ್ಟ ಮಕ್ಕಳ ತರಗತಿ ಹೊಂದುವುದಿಲ್ಲವೆಂಬುದು ಅವರ ಎಣಿಕೆ. ಗದ್ದಲದ ವಿಚಾರದಲ್ಲಿ ಅವರ ಮಾತು ನಿಜವೇ ಆಗಿತ್ತು. ಆದರೆ ಮೂರು ವರ್ಷದ ಮಗು ಬೇಕಾದುದನ್ನು ಬೇಕೆನ್ನುತ್ತದೆ, ಬೇಡದ್ದನ್ನು ಎಸೆಯುತ್ತದೆ, ಮೆಚ್ಚಿದ ಕಥೆಯನ್ನು ಅದೇ ಮಾತುಗಳಲ್ಲಿ ಮತ್ತೆ ಮತ್ತೆ ಹೇಳಿಸಿಕೊಳ್ಳುತ್ತದೆ; ಅದರೊಡನೆ ಇರುವುದು ನನಗೆಂದೂ ಕಷ್ಟವೆನಿಸಲಿಲ್ಲ. ಶಿಕ್ಷಕಿಯಾಗುವವಳು ಎಲ್ಲಿ ನೋಡಬೇಕು, ಯಾವ ದನಿಯಲ್ಲಿ ಮಾತನಾಡಬೇಕು, ಹಿರಿಯರ ನಡುವೆ ಯಾವಾಗ ಬಾಯಿ ತೆರೆಯಬೇಕು ಎಂಬ, ಎಲ್ಲಿಯೂ ಬರೆದಿಡದ ನಿಯಮಗಳೇ ನನ್ನನ್ನು ಕಾಡಿದವು. ಅವುಗಳಲ್ಲಿ ಆದಷ್ಟನ್ನು ಕಾಗದದ ಮೇಲೆ ಬರೆಸಿಕೊಂಡು, ಇಲ್ಲವೇ ನಾನೇ ಬರೆದುಕೊಂಡು ಕೋರ್ಸ್ ಮುಗಿಸಿದೆ.

ಮೊದಲು ದಾಖಲೆಗಳ ವಿಚಾರ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಕೂಡ ಇದೆ. ಪ್ರಮಾಣಪತ್ರದಲ್ಲಿ ವೈಕಲ್ಯದ ಪ್ರಮಾಣ ಶೇ 40 ಅಥವಾ ಅದಕ್ಕಿಂತ ಹೆಚ್ಚು ಎಂದು ನಮೂದಾಗಿದ್ದರೆ ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಶೇ 5ಕ್ಕೆ ಕಡಿಮೆಯಿಲ್ಲದ ಮೀಸಲಾತಿಗೂ ವಯೋಮಿತಿಯಲ್ಲಿ 5 ವರ್ಷಗಳ ಸಡಿಲಿಕೆಗೂ ಅರ್ಹತೆ ದೊರೆಯುತ್ತದೆ. ನಾನು ಓದುವಾಗ ಅನ್ವಯವಾಗುತ್ತಿದ್ದ 2018ರ ಕೇಂದ್ರ ಮಾರ್ಗಸೂಚಿಯ ಪ್ರಕಾರ, ಉತ್ತರ ಹೇಳಿದಂತೆ ಬರೆದುಕೊಡುವ ಲಿಪಿಕಾರರ ನೆರವು ಪಡೆಯದವರಿಗೂ 3 ಗಂಟೆಯ ಪರೀಕ್ಷೆಯಲ್ಲಿ ಕನಿಷ್ಠ 1 ಗಂಟೆ ಹೆಚ್ಚುವರಿ ಸಮಯ ಕೊಡಬಹುದಿತ್ತು. ನಾನು ವಿಕಲಚೇತನರಿಗೆ ಸರ್ಕಾರ ಕೊಡುವ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ಪ್ರತಿಯೊಂದಿಗೆ ಸೆಮಿಸ್ಟರಿನ ಆರಂಭದಲ್ಲೇ ಅರ್ಜಿ ಕೊಟ್ಟು, ನನ್ನ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳುತ್ತಿದ್ದೆ. ಹಾಲ್ ಟಿಕೆಟ್ ಬಂದ ಮೇಲೆ ಹೋದರೆ ಯಾವ ಕಚೇರಿಯಲ್ಲೂ ಯಾರಿಗೂ ಪುರುಸೊತ್ತಿರುವುದಿಲ್ಲ.

ಉಪನ್ಯಾಸಕಿಯರಿಗೆ ಒಂದೇ ಪುಟದ ಪತ್ರ ಬರೆದೆ. ಆಟಿಸಂ ಎಂದರೇನೆಂಬ ವಿವರಣೆಗೆ ಅದರಲ್ಲಿ ಎರಡೇ ವಾಕ್ಯ ಸಾಕಾಯಿತು; ಉಳಿದುದೆಲ್ಲ ನನಗೆ ಬೇಕಾದ ಏರ್ಪಾಡು. ಅಸೈನ್‌ಮೆಂಟನ್ನು ಬಾಯಿಮಾತಿನಲ್ಲಿ ಹೇಳಿದರೂ ಬೋರ್ಡಿನ ಮೇಲೆ ಬರೆಯಬೇಕು, ಗುಂಪು ಕೆಲಸದಲ್ಲಿ ಯಾರ ಪಾಲು ಯಾವುದೆಂದು ಮೊದಲ ದಿನವೇ ನಿಗದಿಯಾಗಬೇಕು, ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಒಂದು ಪ್ರಶ್ನೆಗೆ ಉತ್ತರ ಮುಗಿಯುವವರೆಗೆ ಇನ್ನೊಂದನ್ನು ಕೇಳಬಾರದು, ಬೋಧನಾಭ್ಯಾಸಕ್ಕೆ ಹಾಕುವ ಕೇಂದ್ರವನ್ನು ಮುಂಚಿತವಾಗಿ ಒಮ್ಮೆ ನೋಡಿಬರಲು ಬಿಡಬೇಕು. ನಾನು ಹೀಗಿದ್ದೇನೆ ಎಂದಷ್ಟೇ ಹೇಳಿದರೆ ಕೇಳಿದವರು ಮರುಗುತ್ತಾರೆ. ಇದು ಬೇಕು ಎಂದರೆ ಆಗುತ್ತದೋ ಇಲ್ಲವೋ ಎಂದು ಉತ್ತರಿಸಲೇಬೇಕಾಗುತ್ತದೆ.

ನನ್ನ ನಿಜವಾದ ಬಲವಿದ್ದುದು ವೀಕ್ಷಣಾ ದಾಖಲೆಯಲ್ಲಿ. ಮಗುವೊಂದನ್ನು ನಿಗದಿತ ಹೊತ್ತು ನೋಡಿ, ಕಂಡದ್ದನ್ನು ಒಂದು ಅಂಕಣದಲ್ಲೂ ಅದರ ಅರ್ಥವನ್ನು ಇನ್ನೊಂದು ಅಂಕಣದಲ್ಲೂ ಬರೆಯುವ ಈ ಕೆಲಸ ಸಹಪಾಠಿಗಳಿಗೆ ಬೇಸರದ್ದಾಗಿತ್ತು. ಅವರ ಮೊದಲ ಅಂಕಣದಲ್ಲೇ ‘ಹಟಮಾರಿ’, ‘ನಾಚಿಕೆ ಸ್ವಭಾವ’ ಎಂಬ ತೀರ್ಪುಗಳು ನುಸುಳುತ್ತಿದ್ದವು. ಎದುರಿನವರ ಮನಸ್ಸನ್ನು ಊಹಿಸಲು ತಡಮಾಡುವ ನನಗೆ ಕಂಡದ್ದನ್ನಷ್ಟೇ ಬರೆಯುವುದು ಸಹಜವಾಗಿ ಬಂತು. ಅಮೆರಿಕದ ಸಂಶೋಧಕಿ ಮಿಲ್ಡ್ರೆಡ್ ಪಾರ್ಟನ್ 1932ರಲ್ಲಿ ಮಕ್ಕಳ ಆಟದ ಪಾಲ್ಗೊಳ್ಳುವಿಕೆಯನ್ನು ಆರು ಬಗೆಯಾಗಿ ವಿಂಗಡಿಸಿದರು. ಯಾವುದರಲ್ಲೂ ತೊಡಗದೆ ಇರುವುದು, ಒಂಟಿಯಾಗಿ ಆಡುವುದು, ನಿಂತು ನೋಡುವುದು, ಪಕ್ಕಪಕ್ಕದಲ್ಲಿ ಬೇರೆಬೇರೆಯಾಗಿ ಆಡುವುದು, ಬೆರೆತು ಆಡುವುದು, ಸಹಕರಿಸಿ ಆಡುವುದು. ತರಗತಿಯಲ್ಲಿ ಇದನ್ನು ಏಣಿಯ ಮೆಟ್ಟಿಲುಗಳ ಹಾಗೆ ಕಲಿಸುತ್ತಾರೆ, ಮೇಲಿನದೇ ಮೇಲು ಎಂಬಂತೆ. ನಾನು ನೋಡುತ್ತಿದ್ದ ಹುಡುಗಿಯೊಬ್ಬಳು ದಿನಗಟ್ಟಲೆ ಬಾಗಿಲ ಬಳಿ ನಿಂತು ಉಳಿದವರ ಕುಂಟೆಬಿಲ್ಲೆಯನ್ನು ನೋಡುತ್ತಲೇ ಇದ್ದಳು. ಒಮ್ಮೆ ಅಂಗಳ ಖಾಲಿಯಾಗಿದ್ದಾಗ ತಾನೇ ಬಿಲ್ಲೆ ಎಸೆದು, ಗೆರೆ ತುಳಿದಾಗ ತಾನೇ ‘ಔಟ್’ ಎಂದು ಕೂಗಿಕೊಂಡು, ಮೊದಲಿನಿಂದ ಆರಂಭಿಸಿದಳು. ಆಟದ ಒಂದು ನಿಯಮವೂ ತಪ್ಪಿರಲಿಲ್ಲ. ನಿಂತು ನೋಡುವುದು ಅವಳ ಕಲಿಕೆಯ ದಾರಿ ಎಂದು ಎರಡನೆಯ ಅಂಕಣದಲ್ಲಿ ಬರೆದೆ. ಮೇಡಂ ಆ ಪುಟವನ್ನು ತರಗತಿಯಲ್ಲಿ ಓದಿಸಿದರು.

ಬೋಧನಾಭ್ಯಾಸಕ್ಕೆ ನನ್ನನ್ನು ಹಾಕಿದ್ದು ತಿ. ನರಸೀಪುರ ತಾಲ್ಲೂಕಿನ ಅಂಗನವಾಡಿಗೆ. 1975ರಲ್ಲಿ ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ರಾಜ್ಯದಲ್ಲಿ ಮೊದಲು ಆರಂಭವಾದ ತಾಲ್ಲೂಕು ಅದೆಂದು ನಮ್ಮ ಮೇಡಂ ಹೆಮ್ಮೆಯಿಂದ ಹೇಳುತ್ತಿದ್ದರು. ಒಂದೇ ಕೋಣೆಯ ಆ ಕಟ್ಟಡದಲ್ಲಿ ಪಾಠ, ಅಡುಗೆ, ಊಟ, ನಿದ್ದೆ ಎಲ್ಲವೂ ನಡೆಯಬೇಕಿತ್ತು. ಕುಕ್ಕರಿನ ಸೀಟಿ ಮತ್ತು ಸ್ಟೀಲ್ ತಟ್ಟೆಗಳ ಸದ್ದು ಒಟ್ಟಿಗೆ ಬಂದರೆ ನನಗೆ ಮಾತೇ ಹೊರಡುತ್ತಿರಲಿಲ್ಲ. ಮುಂಚಿತವಾಗಿ ಹೋಗಿ ನೋಡಿದ್ದರಿಂದ ಗೋಡೆಗೆ ಬೆನ್ನು ಕೊಟ್ಟು ಕೂರುವ, ಅಡುಗೆಮೂಲೆಯಿಂದ ದೂರದ ಜಾಗವನ್ನು ಆರಿಸಿಕೊಂಡೆ. ತಟ್ಟೆ ಹಂಚುವ ಹೊತ್ತಿಗೆ ಇಯರ್‌ಪ್ಲಗ್ ಹಾಕಿಕೊಂಡು ಕೈತೊಳೆಸುವ ಕೆಲಸಕ್ಕೆ ಹೊರಗೆ ಹೋಗುತ್ತಿದ್ದೆ, ಸಹಾಯಕಿ ಅಕ್ಕ ಒಳಗೆ ಬಡಿಸುತ್ತಿದ್ದರು. ಅವರಿಗೂ ಅದೇ ಅನುಕೂಲವಾಗಿತ್ತು. ವಿಚಿತ್ರವೆಂದರೆ, ಮಕ್ಕಳೆಲ್ಲ ಸೇರಿ ಕಿರುಚುವಂತೆ ಹಾಡುವ ಅಭಿನಯ ಗೀತೆ ನನ್ನನ್ನು ಎಂದೂ ದಣಿಸಲಿಲ್ಲ. ಮುಂದಿನ ಸಾಲು ಯಾವುದೆಂದು ಗೊತ್ತಿರುವ ಗದ್ದಲ ಗದ್ದಲವೇ ಅಲ್ಲ. ಆದ್ದರಿಂದ ಒಂದು ಚಟುವಟಿಕೆಯಿಂದ ಇನ್ನೊಂದಕ್ಕೆ ಹೋಗುವಾಗಲೆಲ್ಲ ಒಂದೇ ಹಾಡನ್ನು ಇಟ್ಟುಕೊಂಡೆ. ದಿನದ ಕೆಲಸಗಳನ್ನು ಚಿತ್ರಗಳಾಗಿ ಬರೆದು ದಾರಕ್ಕೆ ಕ್ಲಿಪ್ ಹಾಕಿ ತೂಗುಬಿಟ್ಟದ್ದು ನನಗಾಗಿಯೇ. ‘ಈಗ ಊಟಾನಾ ಮಿಸ್, ಆಟಾನಾ?’ ಎಂದು ಕೇಳುತ್ತಿದ್ದ ಮಕ್ಕಳು ವಾರದೊಳಗೆ ತಾವೇ ಅದನ್ನು ನೋಡಿ ಹೇಳತೊಡಗಿದರು.

ಪೋಲಿಯೊ ಹನಿ, ತೂಕ ಅಳೆಯುವ ದಿನ, ತಾಯಂದಿರ ಸಭೆ ಇವುಗಳಿಂದ ಪಾಠಯೋಜನೆ ತಲೆಕೆಳಗಾಗುತ್ತಿತ್ತು. ವಾರದ ಮೊದಲ ದಿನ ಕಾರ್ಯಕರ್ತೆಯನ್ನು ಕೇಳಿ ಬರೆದುಕೊಂಡು, ಪ್ರತಿ ಯೋಜನೆಯ ಹಿಂಬದಿಯಲ್ಲಿ ಹತ್ತು ನಿಮಿಷದ ಬದಲಿ ಚಟುವಟಿಕೆಯೊಂದನ್ನು ಸಿದ್ಧವಾಗಿಟ್ಟುಕೊಳ್ಳುತ್ತಿದ್ದೆ.

ಮೌಲ್ಯಮಾಪನದ ನಮೂನೆಯಲ್ಲಿ ‘ಕಣ್ಣಲ್ಲಿ ಕಣ್ಣಿಟ್ಟು ಮಾತನಾಡುವುದು’ ಮತ್ತು ‘ದನಿಯ ಏರಿಳಿತ’ಕ್ಕೆ ಪ್ರತ್ಯೇಕ ಅಂಕಗಳಿದ್ದವು. ನನ್ನ ದೃಷ್ಟಿಯಲ್ಲಿ ಮೊದಲನೆಯದು ಅಳೆಯಬೇಕಾದ ವಿಷಯವೇ ಅಲ್ಲ; ಮಗುವಿನ ಕೈ ಏನು ಮಾಡುತ್ತಿದೆಯೆಂದು ನೋಡುವ ಶಿಕ್ಷಕಿಗೆ ಅದರ ಕಣ್ಣು ನೋಡುವವಳಿಗಿಂತ ಹೆಚ್ಚು ತಿಳಿಯುತ್ತದೆ. ಆದರೂ ಅಂಕ ಬೇಕಿತ್ತಲ್ಲ. ಕಥೆ ಹೇಳುವಾಗ ಕೈಗವಸಿನ ಗೊಂಬೆ ಬಳಸಿದೆ. ಮಕ್ಕಳೂ ನಾನೂ ಗೊಂಬೆಯನ್ನೇ ನೋಡುತ್ತಿದ್ದೆವು, ಪರಿಶೀಲಿಸಲು ಬಂದವರೂ ಅದನ್ನೇ ನೋಡಿದರು. ಏರಿಳಿತಕ್ಕಾಗಿ ಕಥೆಯ ಸಾಲುಗಳ ಮೇಲೆ ಏರುಗೆರೆ, ಇಳಿಗೆರೆ, ನಿಲುಗಡೆಗಳನ್ನು ಗುರುತಿಸಿ, ಫೋನಿನಲ್ಲಿ ಧ್ವನಿಮುದ್ರಿಸಿ, ಕೇಳಿ, ತಿದ್ದಿಕೊಂಡೆ.

ಪೋಷಕರೊಡನೆ ಮಾತು ಕೊನೆಯವರೆಗೂ ಕಷ್ಟವಾಗಿಯೇ ಉಳಿಯಿತು. ಮೂರು ತುಂಬಿದ ಮಗನನ್ನು ಕರೆತರುತ್ತಿದ್ದ ತಾಯಿಯೊಬ್ಬರು, ‘ಮಿಸ್, ಇವ್ನು ಇನ್ನೂ ಅಮ್ಮ ಅಂತಲೂ ಅನ್ನಲ್ಲ. ಇವರಪ್ಪನೂ ಲೇಟಾಗೇ ಮಾತಾಡಿದ್ದಂತೆ, ಹಂಗೇನಾ?’ ಎಂದರು. ಅಭ್ಯಾಸಕ್ಕೆ ಬಂದ ವಿದ್ಯಾರ್ಥಿನಿ ಕಾಯಿಲೆಯ ಹೆಸರು ಹೇಳಬಾರದು, ಏನೂ ಇಲ್ಲವೆಂದು ಸಮಾಧಾನವನ್ನೂ ಹೇಳಬಾರದು. ಹೀಗೆ ಕೇಳಿದಾಗ ಹೇಳಲೆಂದು ಮೊದಲೇ ಬರೆದು ಅಭ್ಯಾಸ ಮಾಡಿದ್ದ ಮಾತುಗಳನ್ನೇ ಹೇಳಿದೆ: ಈ ವಯಸ್ಸಿಗೆ ಮಾತು ಬಾರದಿದ್ದರೆ ಕಾಯದೆ ತೋರಿಸುವುದು ಒಳ್ಳೆಯದು, ಮೊದಲು ಕಿವಿ ಪರೀಕ್ಷಿಸುತ್ತಾರೆ, ಮಕ್ಕಳ ಆರೋಗ್ಯ ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೇ ಬರುತ್ತದೆ, ಅಲ್ಲಿಯವರೆಗೆ ಕಾಯುವುದು ಬೇಡವೆಂದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಹೋಗಬಹುದು. ನನ್ನ ವಿಚಾರ ಹೇಳಲಿಲ್ಲ. ಆ ಹೊತ್ತು ಅವರ ಮಗನದು.

ವಿಶೇಷ ಅಗತ್ಯವುಳ್ಳ ಮಕ್ಕಳ ಅಧ್ಯಾಯದಲ್ಲಿ ಆಟಿಸಂ ಬಂದಾಗ, ಮನೋವೈದ್ಯ ಲಿಯೊ ಕ್ಯಾನರ್ 1943ರಲ್ಲಿ ವರ್ಣಿಸಿದ ಮಕ್ಕಳಿಂದ ಆರಂಭವಾದ ನೋಟ್ಸ್ ಕೊರತೆಗಳ ಪಟ್ಟಿಯಾಗಿ ಮುಗಿಯಿತು. ಅದರಲ್ಲಿ ದೊಡ್ಡವರಾದವರ ಸುಳಿವೇ ಇರಲಿಲ್ಲ, ಎರಡನೆಯ ಬೆಂಚಿನಲ್ಲಿ ಕೂತು ಬರೆದುಕೊಳ್ಳುತ್ತಿದ್ದವಳದಂತೂ ಇಲ್ಲವೇ ಇಲ್ಲ. ಪರೀಕ್ಷೆಯಲ್ಲಿ ನೋಟ್ಸಿನಂತೆಯೇ ಉತ್ತರಿಸಿದೆ; ಸೆಮಿನಾರಿಗೆ ಮಾತ್ರ ಬ್ರಿಟಿಷ್ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲಿ ಮಂಡಿಸಿದ ವಾದವನ್ನು ಆರಿಸಿಕೊಂಡೆ. ಆಟಿಸಂ ಇರುವವರಿಗೆ ಇತರರು ಅರ್ಥವಾಗದಷ್ಟೇ ಇತರರಿಗೂ ಅವರು ಅರ್ಥವಾಗುವುದಿಲ್ಲ, ತೊಡಕು ಎರಡೂ ಕಡೆಯದು ಎಂಬುದು ಅದರ ತಿರುಳು. ಪ್ರಶ್ನೆಗಳು ಬಹಳ ಬಂದವು. ಕೆಲವಕ್ಕೆ ಮರುದಿನ ಬರೆದು ಉತ್ತರಿಸುತ್ತೇನೆಂದು ಹೇಳಿ ಹಾಗೆಯೇ ಮಾಡಿದೆ.

ಈಗ ಶಿಶುವಿಹಾರವೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಸಂದರ್ಶನದ ಡೆಮೊ ತರಗತಿಗೆ ವಿಷಯವನ್ನೂ ಮಕ್ಕಳ ಸಂಖ್ಯೆಯನ್ನೂ ಹಿಂದಿನ ದಿನವೇ ತಿಳಿಸಬೇಕೆಂದು ಕೋರಿದ್ದೆ, ತಿಳಿಸಿದರು. ಸಿಬ್ಬಂದಿ ಸಭೆಯ ತೀರ್ಮಾನಗಳನ್ನು ಅಂದೇ ಸಂಜೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರೆದು ಹಾಕಬೇಕೆಂಬ ನನ್ನ ಕೋರಿಕೆಗೆ ಮುಖ್ಯಸ್ಥೆ ಒಪ್ಪಿದ್ದಾರೆ. ಬರೆಯುವ ಕೆಲಸವನ್ನು ನನಗೇ ವಹಿಸಿದ್ದಾರೆ.