ಡ್ರೋನ್ ಮೋಟರ್ ನಿಂತಿತೇ? ಹೊಸದು ತರುವ ಮೊದಲು ಇಷ್ಟು ನೋಡಿ

ಮುಧೋಳ, ಜಮಖಂಡಿಯ ಕಬ್ಬಿರಲಿ, ಇಂಡಿ, ಸಿಂದಗಿಯ ತೊಗರಿಯಿರಲಿ, ಎಣ್ಣೆ ಹೊಡೆಯುತ್ತಿದ್ದ ಡ್ರೋನ್ ಒಂದು ಮಗ್ಗುಲಿಗೆ ವಾಲಿ ಬಿದ್ದರೆ ‘ಮೋಟರ್ ಸುಟ್ಟಿತು’ ಎಂಬ ತೀರ್ಪು ಕೂಡಲೇ ಬಂದುಬಿಡುತ್ತದೆ. ಬಿಚ್ಚಿ ನೋಡಿದರೆ ಮೋಟರ್ ಸರಿಯಾಗಿದ್ದು, ಕನೆಕ್ಟರ್ ಕಪ್ಪಾಗಿರುವುದೋ ಸೋಲ್ಡರ್ ಬಿಟ್ಟಿರುವುದೋ ಉಂಟು. ಮಲ್ಟಿಮೀಟರ್, ಅಲೆನ್ ಕೀ, ಸೋಲ್ಡರಿಂಗ್ ಐರನ್ ಇದ್ದರೆ ತಪ್ಪು ಎಲ್ಲಿದೆ ಎಂಬುದನ್ನು ಮನೆಯಲ್ಲೇ ಹಿಡಿಯಬಹುದು.

ಮೊದಲ ಕೆಲಸ, ರೆಕ್ಕೆಗಳನ್ನೆಲ್ಲ (ಪ್ರೊಪೆಲರ್) ಕಳಚುವುದು. ಮಡಚಿಟ್ಟರೆ ಸಾಲದು. 12 ಸೆಲ್‌ನ ಬ್ಯಾಟರಿ ತುಂಬಿದಾಗ 50.4 ವೋಲ್ಟ್ ಇರುತ್ತದೆ. ತಪಾಸಣೆ ನಡುವೆ ಮೋಟರ್ ಒಮ್ಮೆಲೇ ತಿರುಗಿದರೆ ಬೆರಳು ಉಳಿಯುವುದಿಲ್ಲ.

ಬ್ಯಾಟರಿ ತೆಗೆದು ಪ್ರತಿ ಮೋಟರನ್ನೂ ಕೈಯಿಂದ ತಿರುಗಿಸಿ. ಟಕ್ ಟಕ್ ಎಂದು ಸಮನಾಗಿ ತಡೆದು ಸಾಗುವುದು ಅಯಸ್ಕಾಂತದ ಗುಣ, ದೋಷವಲ್ಲ. ಗರಗರ ಎಂದರೆ ಬೇರಿಂಗ್‌ಗೆ ಎರಿ ಮಣ್ಣಿನ ಧೂಳು ಹೊಕ್ಕಿದೆ. ಮೇಲಿನ ಗಂಟೆಯಾಕಾರದ ಭಾಗ ಅಲುಗಾಡಿದರೆ ಬೇರಿಂಗ್ ಸವೆದಿದೆ, ಇಲ್ಲವೇ ಶಾಫ್ಟ್ ಬಾಗಿದೆ. ಸಣ್ಣ ಡ್ರೋನ್‌ಗಳಲ್ಲಿ ಇನ್ನೊಂದು ತೊಡಕಿದೆ: ಮೋಟರ್ ಕೂರಿಸುವ ಸ್ಕ್ರೂ ತುಸು ಉದ್ದವಾದರೂ ಒಳಗಿನ ತಾಮ್ರದ ಸುರುಳಿಗೆ ತಗಲಿ ಶಾರ್ಟ್ ಮಾಡುತ್ತದೆ.

ಈಗ ಮೋಟರ್‌ನ ಮೂರು ವೈರ್‌ಗಳನ್ನು ಇಎಸ್‌ಸಿಯಿಂದ, ಅಂದರೆ ವೇಗ ನಿಯಂತ್ರಿಸುವ ಬೋರ್ಡಿನಿಂದ ಬಿಡಿಸಿ. ಇಲ್ಲಿ ಸಾದಾ ಮೀಟರನ್ನು ಪೂರ್ತಿ ನಂಬುವಂತಿಲ್ಲ. ಸುರುಳಿಯ ರೋಧ ಒಂದು ಓಮ್‌ಗಿಂತ ಎಷ್ಟೋ ಕಡಿಮೆ. ಒಳಗೆ ಒಂದೆರಡು ಸುತ್ತು ಸುಟ್ಟಿದ್ದರೂ, ಎರಡು ತುದಿ ಕೂಡಿವೆ ಎನ್ನುವ ಮೀಟರಿನ ಬೀಪ್ ಬರುತ್ತದೆ. ಅದಕ್ಕಿಂತ ಕೈಯೇ ಒಳ್ಳೆಯ ಮೀಟರ್. ವೈರ್‌ಗಳು ಒಂದಕ್ಕೊಂದು ತಾಗದಂತೆ ಬಿಟ್ಟು ತಿರುಗಿಸಿ: ಸರಾಗ ತಿರುಗಬೇಕು. ಆಗಲೇ ಭಾರ ಅನ್ನಿಸಿ, ಬೇರಿಂಗ್ ಸರಿ ಇದ್ದರೆ, ಸುರುಳಿ ಒಳಗೇ ಶಾರ್ಟ್ ಆಗಿದೆ. ಆಮೇಲೆ ಎರಡು ವೈರ್‌ಗಳ ತುದಿ ಕೂಡಿಸಿ ತಿರುಗಿಸಿದರೆ ಕಾಕಂಬಿಯಲ್ಲಿ ಸೌಟು ತಿರುವಿದಂತೆ ಬಿಗಿಯಾಗಬೇಕು. ಮೂರೂ ಜೋಡಿಗಳಲ್ಲಿ ಬಿಗಿ ಒಂದೇ ಸಮ ಇರಬೇಕು. ಒಂದು ಜೋಡಿ ಬೇರೆಯಾದರೆ ಸುರುಳಿ ಕೆಟ್ಟಿದೆ. ಕೊನೆಗೆ ಮೀಟರಿನ ಒಂದು ಕಡ್ಡಿ ವೈರಿಗೆ, ಇನ್ನೊಂದು ಮೋಟರಿನ ಲೋಹದ ಮೈಗೆ ಹಿಡಿಯಿರಿ. ಬೀಪ್ ಬಂದರೆ ಆ ಮೋಟರ್ ಮುಗಿಯಿತು. ಬೋರ್‌ವೆಲ್ ಪಂಪಿನ ವೈಂಡಿಂಗ್ ಅಂಗಡಿಯಲ್ಲಿ ಮೆಗರ್ (ಸುರುಳಿಯ ನಿರೋಧನ ಅಳೆಯುವ ಸಾಧನ) ಹಚ್ಚಿಸುವುದಾದರೆ ಇಎಸ್‌ಸಿ ಬಿಡಿಸಿಯೇ ಹಚ್ಚಿಸಿ. ಅದರ 500 ವೋಲ್ಟ್ ಬೋರ್ಡನ್ನು ಸುಡುತ್ತದೆ.

ಇಎಸ್‌ಸಿಯ ಪರೀಕ್ಷೆ ಸುಲಭ. ಕೆಪ್ಯಾಸಿಟರ್ ಖಾಲಿಯಾಗಲು ಕೆಲವು ನಿಮಿಷ ಬಿಟ್ಟು, ಮೋಟರಿಗೆ ಹೋಗುವ ಮೂರು ತುದಿಗಳನ್ನೂ ಒಂದೊಂದಾಗಿ ಬ್ಯಾಟರಿಗೆ ಹೋಗುವ ಕೆಂಪು ವೈರಿನೊಂದಿಗೆ, ನಂತರ ಕಪ್ಪಿನೊಂದಿಗೆ ನೋಡಿ. ಯಾವುದಾದರೂ ಬೀಪ್ ಅಂದರೆ ಒಳಗಿನ ಮಾಸ್‌ಫೆಟ್ (ಕರೆಂಟ್ ಬಿಟ್ಟು ತಡೆಯುವ ಸ್ವಿಚ್) ಶಾರ್ಟ್ ಆಗಿದೆ. ಅದಕ್ಕೆ ಬ್ಯಾಟರಿ ಕೊಟ್ಟರೆ ಹೊಗೆಯೇ.

ಎರಡೂ ಸರಿ ಕಂಡರೆ ಮತ್ತೆ ಜೋಡಿಸಿ, ಅದಲು ಬದಲು ಮಾಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಮೊದಲು ಫ್ಲೈಟ್ ಕಂಟ್ರೋಲರ್ (ಹಾರಾಟ ನಡೆಸುವ ಮುಖ್ಯ ಬೋರ್ಡು) ಕಡೆಯ ಸಿಗ್ನಲ್ ವೈರನ್ನು ಪಕ್ಕದ ತೋಳಿನದರೊಂದಿಗೆ ಬದಲಿಸಿ ಎರಡೂ ತೋಳಿನ ಮೋಟರ್ ತಿರುಗಿಸಿ. ದೋಷ ಅದೇ ತೋಳಲ್ಲಿ ಉಳಿದರೆ ತೋಳಿನದೇ ತಪ್ಪು. ಪಕ್ಕಕ್ಕೆ ಸರಿದರೆ ಕಂಟ್ರೋಲರಿನ ಆ ಔಟ್‌ಪುಟ್ ಕೆಟ್ಟಿದೆ. ಪರೀಕ್ಷೆ ಮುಗಿದ ಮೇಲೆ ವೈರ್‌ಗಳನ್ನು ಮೊದಲಿನಂತೆ ಹಾಕುವುದನ್ನು ಮರೆತರೆ ಡ್ರೋನ್ ಏಳುವಾಗಲೇ ಮಗುಚುತ್ತದೆ.

ರೆಕ್ಕೆ ಇಲ್ಲದಾಗ ಚೆನ್ನಾಗಿ ತಿರುಗಿ, ಭಾರ ಹೊತ್ತಾಗ ನಿಲ್ಲುವುದೇ ಹೆಚ್ಚು ಕಾಡುವ ತೊಂದರೆ. ಇಲ್ಲಿ ಅನುಮಾನ ವೈರ್ ಕೂಡುವ ಕೀಲುಗಳ ಮೇಲಿರಲಿ. ಕನೆಕ್ಟರಿನ ರೋಧ ಕೇವಲ 5 ಮಿಲಿಓಮ್ ಆದರೂ 100 ಆಂಪಿಯರ್ ಹರಿದಾಗ 50 ವಾಟ್ ಶಾಖ ಅಲ್ಲೇ ಹುಟ್ಟುತ್ತದೆ, ಪ್ಲಾಸ್ಟಿಕ್ ಕರಗುತ್ತದೆ. ಹಸಿರು ಕಿಲುಬು, ಕಂದು ಬಣ್ಣ, ಸಡಿಲ ಹಿಡಿತ ಕಂಡರೆ ಉಜ್ಜಿ ಸಮಯ ಕಳೆಯಬೇಡಿ, ಬದಲಿಸಿ. ವಿಜಯಪುರದ ದ್ರಾಕ್ಷಿ ತೋಟದಲ್ಲಿ ತಾಮ್ರದ ಔಷಧ ಹೊಡೆದವರು ತೋಳಿನ ಕೆಳಗಿನ ಜೋಡಣೆಗಳನ್ನು ಅಂದೇ ಒರೆಸುವುದು ಲೇಸು. ಬ್ಯಾಟರಿ ಸೆಲ್‌ಗಳನ್ನೂ ನೋಡಿ: ವಿಶ್ರಾಂತಿಯಲ್ಲಿ ಒಂದು ಸೆಲ್ ಉಳಿದವಕ್ಕಿಂತ 0.1 ವೋಲ್ಟ್ ಕಡಿಮೆ ಇದ್ದರೆ ಭಾರದಲ್ಲಿ ಅದೇ ಮೊದಲು ಕುಸಿಯುತ್ತದೆ. ಉಬ್ಬಿದ್ದನ್ನು ಹಾರಿಸಲೇಬೇಡಿ.

ಹಾರಾಟದ ಲಾಗ್ (ಡ್ರೋನ್ ಬರೆದಿಡುವ ದಾಖಲೆ) ಸಿಕ್ಕರೆ ಮೋಟರ್ ಔಟ್‌ಪುಟ್ ಹೋಲಿಸಿ. ಒಂದೇ ಮೋಟರ್ ಸದಾ ಹೆಚ್ಚು ದುಡಿಯುತ್ತಿದ್ದರೆ ಅದರ ರೆಕ್ಕೆ, ಬೇರಿಂಗ್, ವೈರ್ ನೋಡಿ. ನಾಲ್ಕು ತೋಳಿನ ಡ್ರೋನ್‌ನಲ್ಲಿ ಮೂಲೆಯಿಂದ ಮೂಲೆಗೆ ಎದುರುಬದುರಿನ ಜೋಡಿ ಹೆಚ್ಚು ದುಡಿಯುತ್ತಿದ್ದರೆ ವಿದ್ಯುತ್ತಿನ ದೋಷವಲ್ಲ, ತೋಳಿನ ಕ್ಲ್ಯಾಂಪ್ ಸಡಿಲಾಗಿ ಮೋಟರ್ ಓರೆಯಾಗಿರುವ ಸಂಭವವೇ ಹೆಚ್ಚು.

ರಿಪೇರಿ ಆದ ಮೇಲೆ ಖಾಲಿ ಟ್ಯಾಂಕಿನಲ್ಲಿ, ಜನರಿಂದ ದೂರ, ಆಳೆತ್ತರದಲ್ಲಿ ಎರಡು ನಿಮಿಷ ನಿಲ್ಲಿಸಿ ಇಳಿಸಿ. ಬ್ಯಾಟರಿ ತೆಗೆದು ಮೋಟರ್‌ಗಳನ್ನೆಲ್ಲ ಮುಟ್ಟಿ. ಉಳಿದವಕ್ಕಿಂತ ಒಂದು ಬಿಸಿಯಿದ್ದರೆ ಕೆಲಸ ಇನ್ನೂ ಬಾಕಿ ಇದೆ.