ಅಂಜನ ಹುಲ್ಲು ಬಿತ್ತುವುದು ಹೇಗೆ: ಬೀಜವನ್ನು ಹೂಳಬೇಡಿ

ಬಾದಾಮಿ, ಹುನಗುಂದ ಕಡೆಯ ಕಲ್ಲು ಬದುಗಳಲ್ಲಿ ದನಕರುಗಳ ಮೇವಿಗೆಂದು ಅಂಜನ ಹುಲ್ಲು ಹಾಕಿ ಸೋತವರನ್ನು ತುಂಬ ನೋಡಿದ್ದೇನೆ. ‘ಬೀಜವೇ ಸರಿ ಇರಲಿಲ್ಲ’ ಅನ್ನುತ್ತಾರೆ. ಕೆಲವೊಮ್ಮೆ ನಿಜ. ಜಾಸ್ತಿ ಸಲ ತಪ್ಪು ಕೂರಿಗೆಯದು, ಅಂದರೆ ಬೀಜ ಬಿತ್ತುವ ಸಲಕರಣೆಯದು.

ಮೊದಲು ಬೀಜ. ಆಗತಾನೇ ಕೊಯ್ದ ಬೀಜ ಸರಿಯಾಗಿ ಮೊಳೆಯುವುದಿಲ್ಲ. ಹೋದ ವರ್ಷದ್ದನ್ನೇ ಕೇಳಿ. ಝಾನ್ಸಿಯ ಮೇವು ಸಂಶೋಧನಾ ಸಂಸ್ಥೆಯ ಬುಂದೇಲ್ ಅಂಜನ್-1 ಒಳ್ಳೆಯ ತಳಿ. ಸಂಸ್ಥೆಯ ಪ್ರಾದೇಶಿಕ ಕೇಂದ್ರ ಧಾರವಾಡದಲ್ಲೇ ಇದೆ, ವಿಚಾರಿಸಿ. ಬೇರೆ ಕಡೆ ಕೊಂಡರೆ ಒಂದು ಹಿಡಿ ಅಂಗೈಯಲ್ಲಿ ಉಜ್ಜಿ ನೋಡಿ. ಕೂದಲಿನ ಕುಚ್ಚಿನೊಳಗಿಂದ ಸಣ್ಣ ಕಾಳು ಉದುರಬೇಕು. ನಾನೊಮ್ಮೆ ತಂದ ಚೀಲದಲ್ಲಿ ಅರ್ಧಕ್ಕರ್ಧ ಜೊಳ್ಳು! ಎಕರೆಗೆ 2 ಕಿಲೋ ಸಾಕು.

ಮಸಾರಿ (ಕೆಂಪು ಮಣ್ಣು), ಗರಸು (ಸಣ್ಣ ಕಲ್ಲು ಬೆರೆತ) ನೆಲ ಇದಕ್ಕೆ ಒಗ್ಗುತ್ತದೆ. ನೀರು ನಿಲ್ಲುವ ಎರೆ (ಕಪ್ಪು ಮಣ್ಣಿನ) ಹೊಲ ಬೇಡ. ಒಂದು ಸಲ ಕುಂಟೆ ಹೊಡೆದು ಕಸ ತೆಗೆದರೆ ಆಯಿತು.

ಇನ್ನು ಬಿತ್ತನೆ. ಕೆಡುವುದು ಇಲ್ಲೇ. ಬೀಜ ಹತ್ತಿಯಷ್ಟು ಹಗುರ, ಸುತ್ತ ನವಿರು ಮುಳ್ಳುಗೂದಲು. ಕೂರಿಗೆಯ ಬಟ್ಟಲಿಗೆ ಸುರಿದರೆ ಒಂದಕ್ಕೊಂದು ಹೆಣೆದು ಕೊಳವೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಇಳಿದರೂ ಜೋಳದ ಆಳಕ್ಕೆ ಬೀಳುತ್ತದೆ, ಅಲ್ಲಿಂದ ಮೇಲೆ ಬರುವ ಕಸುವು ಅದಕ್ಕಿಲ್ಲ. ಒಣಗಿದ್ದನ್ನು ಸುಮ್ನೆ ಎರಚಿದರೆ ಗಾಳಿಗೆ ಪಕ್ಕದವರ ಹೊಲ ಸೇರುತ್ತದೆ.

ಹಾಗಾಗಿ ಒಂದು ಬುಟ್ಟಿ ಬೀಜಕ್ಕೆ ಐದು ಬುಟ್ಟಿ ಹಸಿ ಮಣ್ಣು ಕಲಸಿ. ಹಿಂಡಿದರೆ ನೀರು ಬರಬಾರದು, ಉಂಡೆ ನಿಲ್ಲಬೇಕು. ಮುಂಗಾರಿನ ಮಿರಗ ಅಥವಾ ಆರಿದ್ರ ಮಳೆ ಬಿದ್ದು ನೆಲ ನೆನೆದ ಮೇಲೆ, ಅರ್ಧ ಮೀಟರಿಗೊಂದು ಸಾಲು ಕೋಲಿನಿಂದ ಗೀಚಿ, ಕೈಯಿಂದ ಉದುರಿಸಿ. ಮೇಲೆ ಒಂದು ಸೆಂಟಿಮೀಟರ್ ಮಣ್ಣು ಸಾಕು. ಜಾಲಿ ಕಂಟಿಯೊಂದನ್ನು ಹಗುರಾಗಿ ಎಳೆದರೆ ಅಷ್ಟೇ ಮುಚ್ಚುತ್ತದೆ. ಮಣ್ಣು ಒತ್ತಿ ಸಮ ಮಾಡುವ ಹಲಗೆ ಹೊಡೆಯಲೇಬೇಡಿ.

ಬದುವಿಗಾದರೆ ನಾನು ಬೀಜದ ತಂಟೆಗೇ ಹೋಗುವುದಿಲ್ಲ. ಹಳೆಯ ಹುಲ್ಲಿನ ಗಡ್ಡೆ ಬೇರುಸಮೇತ ಕಿತ್ತು, ಬುಡ ಸೀಳಿ, ಎಲೆ ಒಂದು ಗೇಣಿಗೆ ಕತ್ತರಿಸಿ, ಎರಡು ಮೂರು ಕಡ್ಡಿ ಸೇರಿಸಿ ಮಳೆಯಲ್ಲಿ ನೆಡುತ್ತೇನೆ. ಕೆಲಸ ಜಾಸ್ತಿ, ಆದರೆ ನಂಬಿಕೆಯದು.

ಮೊದಲ ವರ್ಷ ಆಡು, ಕುರಿ ಬಿಡಬೇಡಿ. ಬೇರು ಹಿಡಿಯದ ಹುಲ್ಲು ಬುಡಸಮೇತ ಬಾಯಿಗೆ ಬರುತ್ತದೆ. ತೆನೆ ಮೂಡುವ ಹೊತ್ತಿಗೆ ಕೊಯ್ಯಿರಿ. ಬಲಿತರೆ ಬರೀ ಕಡ್ಡಿ, ದನ ಮೂಸಿ ಬಿಡುತ್ತದೆ. ಕುಡುಗೋಲು ನೆಲಕ್ಕೆ ತಾಗಿಸದೆ, ಕೆಳಗೆ 10 ಸೆಂಟಿಮೀಟರಾದರೂ ಬಿಡಿ. ಮುಂದಿನ ಚಿಗುರು ಅಲ್ಲಿಂದಲೇ.