ಮಡಿಕೇರಿಯನ್ನು ನಡೆದು ತೋರಿಸುವ ಬಗೆ

ಮಡಿಕೇರಿಯ ಚರಿತ್ರೆಯನ್ನು ನಡೆಯುತ್ತಲೇ ಪರಿಚಯಿಸಬೇಕೆನ್ನುವವರು ಎಂಟು ಜನಕ್ಕಿಂತ ದೊಡ್ಡ ಗುಂಪನ್ನು ಕಟ್ಟಿಕೊಳ್ಳದಿರುವುದು ಒಳ್ಳೆಯದು. ಇಲ್ಲಿನ ಏರಿಳಿತದ ರಸ್ತೆಗಳಲ್ಲಿ ಒಬ್ಬರ ಹಿಂದೊಬ್ಬರು ಸಾಗಬೇಕಾಗುವುದರಿಂದ, ಗುಂಪು ದೊಡ್ಡದಾದರೆ ಹಿಂದಿರುವವರಿಗೆ ನಿಮ್ಮ ಮಾತು ಕೇಳಿಸುವುದಿಲ್ಲ. ಮಳೆಗಾಲವನ್ನು ಬಿಟ್ಟು ದಿನ ಗೊತ್ತುಮಾಡಿ.

ಹೆಚ್ಚಿನವರು ಕೋಟೆಯಿಂದ ಆರಂಭಿಸಿ, ಆಯಾಸವಾದ ಮೇಲೆ ಕೊಡಗಿನ ಅರಸರ ಸಮಾಧಿಗಳಿರುವ ಗದ್ದಿಗೆಯನ್ನು ಕೈಬಿಡುತ್ತಾರೆ. ಇದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಬೆಳಗಿನ ತಂಪಿನಲ್ಲಿ ಮೊದಲು ಗದ್ದಿಗೆಗೇ ಕರೆದೊಯ್ಯಿರಿ. ದೊಡ್ಡ ವೀರರಾಜೇಂದ್ರ ಮತ್ತು ಲಿಂಗರಾಜೇಂದ್ರರ ಸಮಾಧಿಗಳ ಗುಮ್ಮಟಗಳನ್ನೂ ಮೂಲೆಯ ಮಿನಾರುಗಳನ್ನೂ ಎಲ್ಲರೂ ಸಾವಧಾನವಾಗಿ ನೋಡಲಿ. ಅಲ್ಲಿಯವರೆಗೆ ನೀವು ಮಾತನಾಡಬೇಡಿ. ಲಿಂಗಾಯತ ಅರಸರ ಸಮಾಧಿಗಳಿಗೆ ಈ ರೂಪ ಹೇಗೆ ಬಂತೆಂಬ ಪ್ರಶ್ನೆ ಅವರಲ್ಲೇ ಹುಟ್ಟುತ್ತದೆ. ಟಿಪ್ಪುವಿನ ಸೇನೆಯೊಡನೆ ಹೋರಾಡಿ ಮಡಿದ ಬಿದ್ದಂಡ ಬೋಪುವಿನ ಸಮಾಧಿಯೂ ಹತ್ತಿರದಲ್ಲೇ ಇದೆ. ಅದನ್ನು ತೋರಿಸದೆ ಹೊರಡಬೇಡಿ.

ಆ ಪ್ರಶ್ನೆಯನ್ನು ಹಾಗೆಯೇ ಉಳಿಸಿಕೊಂಡು ಓಂಕಾರೇಶ್ವರ ದೇವಾಲಯಕ್ಕೆ ಬನ್ನಿ. ಮಧ್ಯಾಹ್ನ ಬಾಗಿಲು ಹಾಕುವುದರೊಳಗೆ ತಲುಪುವಂತೆ ಹೊತ್ತನ್ನು ಹೊಂದಿಸಿಕೊಳ್ಳಬೇಕು. ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ ಈ ಶಿವಾಲಯದಲ್ಲಿಯೂ ನಡುವೆ ಗುಮ್ಮಟ, ನಾಲ್ಕು ಮೂಲೆಗಳಲ್ಲಿ ಮಿನಾರಿನಂಥ ಗೋಪುರಗಳಿವೆ. ಗದ್ದಿಗೆಯನ್ನು ನೋಡಿ ಬಂದವರು ಈ ಹೋಲಿಕೆಯನ್ನು ತಾವಾಗಿಯೇ ಗುರುತಿಸುತ್ತಾರೆ. ಅದೇ ವರ್ಷ ಅರಸನೂ ತೀರಿಕೊಂಡನೆಂಬುದನ್ನು ಆಗ ಹೇಳಿ. ಕಲ್ಯಾಣಿಯ ನಡುವಿನ ಮಂಟಪವನ್ನು ದಡದಿಂದ ನೋಡಲು ಸ್ವಲ್ಪ ಹೊತ್ತು ಕೊಡಿ. ಬ್ರಹ್ಮರಾಕ್ಷಸನ ಪೀಡೆ ಕಳೆಯಲು ಅರಸ ದೇವಾಲಯ ಕಟ್ಟಿಸಿದನೆಂಬ ಕಥೆಯನ್ನು ಹೇಳುವುದಾದರೆ, ಅದು ಐತಿಹ್ಯವೆಂದು ಸ್ಪಷ್ಟಪಡಿಸಿಯೇ ಹೇಳಬೇಕು.

ಊಟದ ನಂತರ ಕೋಟೆ. ಮುದ್ದುರಾಜ 1681ರಲ್ಲಿ ಮಡಿಕೇರಿಯನ್ನು ರಾಜಧಾನಿಯಾಗಿಸಿದ್ದು, ಅವನ ಮಣ್ಣಿನ ಕೋಟೆಯನ್ನು ಟಿಪ್ಪು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಕರೆದದ್ದು, ಲಿಂಗರಾಜೇಂದ್ರ ಅರಮನೆಯನ್ನು ಪುನಃ ಕಟ್ಟಿಸಿದ್ದು, ಬ್ರಿಟಿಷರು 1855ರಲ್ಲಿ ವೀರಭದ್ರ ಗುಡಿಯನ್ನು ತೆಗೆಸಿ ಚರ್ಚ್ ಕಟ್ಟಿದ್ದು, ಆ ಚರ್ಚೇ ಇಂದು ಸರ್ಕಾರಿ ವಸ್ತುಸಂಗ್ರಹಾಲಯವಾಗಿರುವುದು, ಇಷ್ಟೂ ಒಂದೇ ಆವರಣದೊಳಗಿನ ಸಂಗತಿಗಳು. ವಸ್ತುಸಂಗ್ರಹಾಲಯದ ರಜೆಯ ದಿನವನ್ನು ಮೊದಲೇ ವಿಚಾರಿಸಿಕೊಳ್ಳಿ. ಗಾರೆಯ ಎರಡು ಆನೆಗಳ ಮುಂದೆ ಎಲ್ಲರೂ ಚಿತ್ರ ತೆಗೆದುಕೊಳ್ಳುತ್ತಾರೆ. ಅಲ್ಲಿ ನಿಮ್ಮ ವಿವರಣೆ ಬೇಕಿಲ್ಲ.

ಅದಕ್ಕೆ ಬದಲಾಗಿ ಬ್ರಿಟಿಷರ ವಿರುದ್ಧದ ದಂಗೆಯ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರ ಬಗ್ಗೆ ನಿಧಾನವಾಗಿ ಹೇಳಿ. ಬ್ರಿಟಿಷರು 1834ರಲ್ಲಿ ಕೊಡಗಿನ ಕೊನೆಯ ಅರಸ ಚಿಕ್ಕ ವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕಾಶಿಗೆ ಕಳುಹಿಸಿದ ಮೂರು ವರ್ಷಗಳ ನಂತರ ಎದ್ದ ದಂಗೆ ಘಟ್ಟವಿಳಿದು ಮಂಗಳೂರಿನವರೆಗೂ ಹೋಯಿತು. ಕೆಲವು ದಿನ ಆ ಪಟ್ಟಣವೇ ದಂಗೆಯವರ ಕೈಯಲ್ಲಿತ್ತು. ದಂಗೆ ಮುರಿದ ಮೇಲೆ, 1837ರ ಅಕ್ಟೋಬರ್ 31ರಂದು, ಅಪ್ಪಯ್ಯ ಗೌಡರನ್ನು ಇದೇ ಕೋಟೆಯ ಬಳಿ ಗಲ್ಲಿಗೇರಿಸಲಾಯಿತು. ಇದನ್ನು ಕೇಳಿದ ಮೇಲೆ ಜನ ಸಾಮಾನ್ಯವಾಗಿ ಸುಮ್ಮನಾಗುತ್ತಾರೆ. ಆ ಮೌನವನ್ನು ಮುರಿಯಲು ಅವಸರಪಡಬೇಡಿ.

ಕೊನೆಗೆ, ಕಣಿವೆಯ ಅಂಚಿನ ಉದ್ಯಾನವಾದ ರಾಜಾಸೀಟಿಗೆ ಸೂರ್ಯಾಸ್ತಕ್ಕಿಂತ ಅರ್ಧ ಗಂಟೆ ಮೊದಲೇ ತಲುಪಿ. ತಡವಾದರೆ ಅಂಚಿನಲ್ಲಿ ಎಂಟು ಜನ ಒಟ್ಟಿಗೆ ಕೂರಲು ಜಾಗ ಸಿಗುವುದಿಲ್ಲ.